ಬಂಡೆ ತಿರುವಿನಲ್ಲಿ ನಿಲ್ಲುವ ಗಾಡಿ

ಮಾರ್ಚ್ 3, ಸೋಮವಾರ

ಬೈಯುವುದಕ್ಕೆ ಮನೆಯಲ್ಲಿ ಯಾರೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಮುಗಿದ ಓದು ನನ್ನದು. ಒತ್ತು, ದೀರ್ಘ ತಪ್ಪಿದರೆ ತಪ್ಪಲಿ, ಓದುವವಳೂ ನಾನೇ ತಾನೇ.

ಇವತ್ತೂ ಗಾಡಿ ಬಂಡೆ ತಿರುವಿನಲ್ಲಿ ಕೈಕೊಟ್ಟಿತು. ಅಂಗಳದಲ್ಲಿ ಅದರ ಜಂಭ ನೋಡಬೇಕು! ಕೀಲಿ ತಿರುಗಿಸಿದ ಕೂಡಲೇ ಗುರ್ರೆನ್ನುತ್ತದೆ. ಸಪಾಟು ದಾರಿಯಲ್ಲಿ ಕೋಳಿಗಳನ್ನೆಲ್ಲ ಚೆಲ್ಲಾಪಿಲ್ಲಿ ಮಾಡಿಕೊಂಡು ಓಡುತ್ತದೆ. ಏರು ಕಂಡಿತೋ, ಮುಖ ಸಣ್ಣಗಾಗುತ್ತದೆ. ಮೊದಲ ತಿರುವಿನಲ್ಲೇ ಉಬ್ಬಸ, ಬಂಡೆ ಹತ್ತಿರ ಬಂದರೆ ಮುಷ್ಕರ. ನಾನು ಸ್ಟೀರಿಂಗ್ ಹಿಡಿದು ನೇತಾಡುತ್ತಾ "ಹತ್ತು ತಾಯಿ, ಹತ್ತು" ಅಂತ ಗೋಗರೆಯುವುದು, ಅದು ಕೇಳಿಯೂ ಕೇಳದ ಹಾಗೆ ನಿಲ್ಲುವುದು. ಕೊನೆಗೆ ಬ್ರೇಕ್ ತುಳಿದು ತುಳಿದು ಹಿಮ್ಮುಖವಾಗಿ ಇಳಿಸಿಕೊಂಡು ಬಂದೆ.

ಇವರು ಓಡಿಸುವಾಗ ಇದೇ ಗಾಡಿ ಆಡಿನ ಹಾಗೆ ಹತ್ತುತ್ತಿತ್ತು. ಪಕ್ಕದಲ್ಲಿ ಕೂತು "ಮೆಲ್ಲಗೆ ರೀ, ಮೆಲ್ಲಗೆ" ಅಂತ ಬಾಯಿ ಬಡಿದುಕೊಳ್ಳುತ್ತಿದ್ದವಳು ನಾನು. ಈಗ ಮೆಲ್ಲಗೆ ಹೋಗುತ್ತಿದೆ, ಸಂತೋಷಪಡು ಮುದುಕಿ.

ಇದರ ಹೆಸರು ಸೈಡ್-ಬೈ-ಸೈಡ್ ಅಂತೆ. ಇರುವುದೇ ಎರಡು ಸೀಟು, ಪಕ್ಕಪಕ್ಕ. ಹಿಂದೆ ಸಾಮಾನು ಹೇರಲು ಒಂದು ತೊಟ್ಟಿ, ದಪ್ಪ ಹಲ್ಲಿನ ನಾಲ್ಕು ಚಕ್ರ. ಚಳಿಗಾಲದಲ್ಲಿ ಇವರಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿತು. ಈಗ ಪೇಟೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಅಲ್ಲಿ ಕೈಕಾಲು ಆಡಿಸುವವರು ದಿನಾ ಬರುತ್ತಾರೆ. ನಾನೂ ಹೋಗಬಹುದಿತ್ತು. "ಹುಳ ಬಿಟ್ಟು ಬರಬೇಡ" ಅಂದವರು ಇವರೇ. ಬಾಯಿ ಒಂದು ಕಡೆ ಎಳೆದುಕೊಂಡಿದ್ದರೂ ಅದೊಂದು ಮಾತು ಮಾತ್ರ ಸ್ಪಷ್ಟವಾಗಿ ಬಂತು.

ಹುಳ ಅಂದರೆ ನಮ್ಮ ಜೇನು. ಮೇಲಿನ ಬಯಲು ಹೂ ಬಿಡುವ ಹೊತ್ತಿಗೆ ಪೆಟ್ಟಿಗೆಗಳೆಲ್ಲ ಅಲ್ಲಿರಬೇಕು. ಇಲ್ಲದಿದ್ದರೆ ಹುಳಕ್ಕೆ ವರ್ಷದ ಊಟವೇ ಇಲ್ಲ. ಮಗಳು ಷರತ್ತು ಹಾಕಿದ್ದಾಳೆ: "ಅಮ್ಮ, ಹೂವಿನ ಹೊತ್ತಿಗೆ ಪೆಟ್ಟಿಗೆ ಮೇಲೆ ಏರಿಸಿದ್ರೆ ಸರಿ, ಅಲ್ಲೇ ಇರು. ಆಗ್ಲಿಲ್ಲ ಅಂದ್ರೆ ಜೇನು, ಗಾಡಿ ಎರಡನ್ನೂ ಕೊಟ್ಟು ಕೆಳಗೆ ಬಂದ್ಬಿಡು. ತಗೊಳ್ಳೋರು ಇದ್ದಾರೆ."

ಕೊಟ್ಟುಬಿಟ್ಟರೆ ಇವರು ವಾಸಿಯಾಗಿ ಬಂದು ಏನು ಮಾಡುತ್ತಾರೆ, ನನ್ನ ಮುಖ ನೋಡಿಕೊಂಡು ಕೂರುತ್ತಾರಾ?

ಮಾರ್ಚ್ 5, ಬುಧವಾರ

ಮೆಕ್ಯಾನಿಕ್ ಬಂದಿದ್ದ. ಅವನಿಗೆ ನಾನಿಟ್ಟ ಹೆಸರು ಎಣ್ಣೆಮೂತಿ. ಮುಖ ತೊಳೆದ ದಿನ ಅವನ ಹೆಂಡತಿಗೂ ಗುರುತು ಸಿಗಲಿಕ್ಕಿಲ್ಲ.

"ಅಜ್ಜಿ, ಇಂಜಿನ್ನಿಗೆ ಉಸಿರು ಕಟ್ಟಿರಬೇಕು. ಏರ್ ಫಿಲ್ಟರ್ ನೋಡೋಣ" ಅಂದ. ಸೀಟಿನ ಕೆಳಗೆ ಕೈಹಾಕಿ ಅದನ್ನು ಎತ್ತಲು ಹೋದ.

"ಏಯ್! ಸೀಟು ಮುಟ್ಟಬೇಡ."

"ಎತ್ತದೆ ಹೇಗಜ್ಜಿ? ಇಂಜಿನ್ ಇರೋದೇ ಅದರ ಹಿಂದೆ."

ಸರಿ, ಕೆಲಸ ಆಗಬೇಕಲ್ಲ. ಪೆಟ್ಟಿಗೆಗಳಿಗೆ ಗುರುತು ಹಾಕುವ ಕೆಂಪು ಬಣ್ಣ ತಂದೆ. ಸೀಟು ಹಿಂದೆ ಮುಂದೆ ಜಾರುವ ಕಬ್ಬಿಣದ ಪಟ್ಟಿಯ ಮೇಲೆ, ಸೀಟು ನಿಂತ ಜಾಗಕ್ಕೆ ಸರಿಯಾಗಿ ಒಂದು ಬೊಟ್ಟು ಇಟ್ಟೆ. "ವಾಪಸ್ ಕೂರಿಸುವಾಗ ಇಲ್ಲಿಗೇ ಕೂರಬೇಕು. ಒಂದು ಕೂದಲೆಳೆ ಆಚೀಚೆ ಆದ್ರೆ ನಿನ್ನ ಕಿವಿ ಹಿಂಡ್ತೀನಿ."

"ನಿಮಗೆ ಸ್ವಲ್ಪ ಮುಂದೆ ಇದ್ರೆ ಒಳ್ಳೇದಲ್ವಾ?"

"ಅವರದು ಕೊಕ್ಕರೆ ಕಾಲು. ಬಂದು ಕೂತಾಗ ಮಂಡಿ ಗದ್ದಕ್ಕೆ ತಾಗಿಸಿಕೊಂಡು ಓಡಿಸಬೇಕಾ? ನಿನ್ನ ಕೆಲಸ ನೋಡು."

ಫಿಲ್ಟರಿನಿಂದ ಒಂದು ಬೊಗಸೆ ಧೂಳು ಉದುರಿತು. ಹೊಸದು ಹಾಕಿ, ತಾನೇ ಕೂತು ಗುಡ್ಡ ಹತ್ತಿಸಿದ. ನಾನು ಕೆಳಗೆ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದೆ. ಬಂಡೆ ದಾಟಿ ಮೇಲೆ ಹೋಯಿತು, ಹಾರ್ನ್ ಬೇರೆ ಹೊಡೆದ. "ನೋಡಿ, ಬೆಣ್ಣೆ ಹಾಗಿದೆ" ಅಂದು ಹೊರಟ.

ಸಂಜೆ ನಾನು ಓಡಿಸಿದೆ. ಬಂಡೆ ತಿರುವಿನಲ್ಲಿ ನಿಂತಿತು.

ಮಾರ್ಚ್ 6, ಗುರುವಾರ

ಸಂಜೆ ಫೋನು. ಮೊಮ್ಮಗಳು ಅಜ್ಜನ ಕಿವಿಗೆ ಹಿಡಿದಿದ್ದಳು. ಇವರ ಮಾತು ಬಾಯಲ್ಲಿ ಬಿಸಿ ತುತ್ತಿಟ್ಟುಕೊಂಡವರ ಹಾಗೆ.

"ಗಾಡಿ ಹೇಗಿದೆ?"

ಹೆಂಡತಿ ಹೇಗಿದ್ದಾಳೆ ಅಂತಲ್ಲ, ಗಾಡಿ ಹೇಗಿದೆ!

"ನಿಮ್ಮ ಗಾಡಿಗೇನು ಧಾಡಿ? ಆಡಿನ ಹಾಗೆ ಹತ್ತುತ್ತೆ" ಅಂದೆ. ಸುಳ್ಳು ಹೇಳಿದ್ದಕ್ಕೆ ನನಗೇನೂ ಬೇಜಾರಿಲ್ಲ. ನಿಜ ಹೇಳಿದರೆ ಅಲ್ಲಿ ಮಲಗಿದಲ್ಲೇ ಒದ್ದಾಡುತ್ತಾರೆ. ಪಕ್ಕದಲ್ಲಿ ಮಗಳು ಕಿವಿ ನಿಮಿರಿಸಿಕೊಂಡು ಇದ್ದೇ ಇರುತ್ತಾಳೆ.

"ಹೂ?"

"ಇನ್ನೂ ಮೊಗ್ಗು ರೀ. ನೀವು ಕಾಲು ಆಡಿಸಿ, ಹೂವಿನ ಚಿಂತೆ ನನಗಿರಲಿ."

ಫೋನಿಟ್ಟ ಮೇಲೆ ಮನೆ ಎಷ್ಟು ಸುಮ್ಮನಿತ್ತು ಅಂದರೆ, ಒಲೆ ಮೇಲಿನ ನೀರು ಕುದಿಯುವುದು ಅಂಗಳಕ್ಕೂ ಕೇಳಿಸಿತು.

ಮಾರ್ಚ್ 10, ಸೋಮವಾರ

ಎಣ್ಣೆಮೂತಿ ಮತ್ತೆ ಬಂದ. ಪ್ಲಗ್ ತೆಗೆದು ಮೂಸಿದ, ಪೆಟ್ರೋಲ್ ಪೈಪು ಊದಿದ, ಬ್ರೇಕ್ ಚಕ್ರವನ್ನು ಹಿಡಿದುಕೊಂಡಿದೆಯೋ ಅಂತ ಜಾಕ್ ಕೊಟ್ಟು ಒಂದೊಂದೇ ಚಕ್ರ ತಿರುಗಿಸಿ ನೋಡಿದ. ಎಲ್ಲವೂ ಸರಿ.

"ಈಗ ನೀವೇ ಓಡಿಸಿ ಅಜ್ಜಿ, ನಾನು ಪಕ್ಕದಲ್ಲಿ ಕೂತ್ಕೋತೀನಿ."

ಬೆಳಗ್ಗೆ ಜೇನು ನೋಡಿ ಬಂದವಳು ಇವರ ಬಿಳಿ ಕೋಟು ಬಿಚ್ಚಿರಲಿಲ್ಲ. ಹುಳ ಕಚ್ಚದಂತೆ ಹಾಕುವ ಕೋಟು ಅದು. ಇವರಿಗೆ ಮಂಡಿಗೆ ಬರುವುದು ನನಗೆ ಹಿಮ್ಮಡಿ ದಾಟಿ ನೆಲ ಗುಡಿಸುತ್ತದೆ. ಹಾಗೇ ಹತ್ತಿ ಕೂತೆ. ಸೀಟಿನ ನಡುವೆ ಇವರು ಕೂತು ಕೂತು ಒಂದು ತಗ್ಗಾಗಿದೆ. ನಾನು ಅದರಲ್ಲಿ ಕೂರುವುದಿಲ್ಲ, ಅಂಚಿಗೆ ಕೂರುತ್ತೇನೆ. ಅವರ ತಗ್ಗು ಅವರಿಗಿರಲಿ.

ಏರು ಶುರುವಾಯಿತು. ಗುಡ್ಡ ನನ್ನನ್ನು ಎಂದಿನ ಹಾಗೆ ಹಿಂದಕ್ಕೆ ಜಗ್ಗಿತು, ನಾನು ಸ್ಟೀರಿಂಗಿಗೆ ಜೋತುಬಿದ್ದೆ. ಗಾಡಿ ಸೊರಗಿತು.

"ಪೂರ್ತಿ ತುಳೀರಿ ಅಜ್ಜಿ!"

"ಪೂರ್ತೀನೇ ತುಳಿದಿದ್ದೀನಿ ಕಣೋ! ಇನ್ನು ಕಾಲು ಕಿತ್ತು ಕೊಡಬೇಕಾ?"

ಅವನು ಕಿವಿಯನ್ನು ಇಂಜಿನ್ ಕಡೆ ತಿರುಗಿಸಿಕೊಂಡು, ಕಣ್ಣು ಮುಚ್ಚಿ, ಸಂಗೀತ ಕೇಳುವವನ ಹಾಗೆ ಕೂತಿದ್ದ. ಗಾಡಿ ನಿಂತ ಮೇಲೆ ಕಣ್ಣು ಬಿಟ್ಟು, "ಬೆಲ್ಟು. ಸವೆದು ಜಾರ್ತಿದೆ. ಇಂಜಿನ್ ಶಕ್ತಿ ಚಕ್ರಕ್ಕೆ ಹೋಗ್ತಿಲ್ಲ" ಅಂತ ತೀರ್ಪು ಕೊಟ್ಟ. ಹೊಸ ಬೆಲ್ಟು ಹಾಕಿದ. ಹತ್ತಿಸಿ ತೋರಿಸಿದ. ಹೋದ.

ಆಮೇಲೆ ನಾನು. ಆಮೇಲೆ ಬಂಡೆ.

ಮಾರ್ಚ್ 14, ಶುಕ್ರವಾರ

ಬರೆಯುವುದು ಏನೂ ಇಲ್ಲ. ಗಾಳಿ. ಕೋಳಿ ಒಂದು ಮೊಟ್ಟೆ ಮೆಟ್ಟಿ ಒಡೆಯಿತು. ಅದಕ್ಕೆ ಬಾಯಿತುಂಬ ಬೈದೆ, ಗಂಟಲಿಗೆ ಹಿತವಾಯಿತು.

ಮಾರ್ಚ್ 18, ಮಂಗಳವಾರ

ನನಗೆ ಈಗ ಗೊತ್ತಾಗಿದೆ. ಕೆಟ್ಟಿರುವುದು ಬೆಲ್ಟೂ ಅಲ್ಲ, ಪ್ಲಗ್ಗೂ ಅಲ್ಲ. ಆ ಎಣ್ಣೆಮೂತಿ ಓಡಿಸಿದರೆ ಹತ್ತುತ್ತದೆ, ನಾನು ಕೂತರೆ ಹತ್ತುವುದಿಲ್ಲ. ಗಂಡಸರ ಕೈಯೇ ಬೇಕು ಅದಕ್ಕೆ. ಇಲ್ಲವೇ ಅದಕ್ಕೂ ಇವರಿಲ್ಲ ಅಂತ ಗೊತ್ತಾಗಿ ಸೊಪ್ಪಾಗಿದೆ. ಕಬ್ಬಿಣಕ್ಕೆ ಅಷ್ಟೆಲ್ಲ ತಿಳಿಯುತ್ತದಾ? ತಿಳಿಯದೆ ಏನು, ನಾಲ್ಕು ತಿಂಗಳ ಕೂಸಿಗೂ ಎತ್ತಿಕೊಂಡವರು ಯಾರು ಅಂತ ತಿಳಿಯುತ್ತದೆ.

ಮಧ್ಯಾಹ್ನದ ಊಟವನ್ನು ತಟ್ಟೆ ಸಮೇತ ಕೊಟ್ಟಿಗೆಗೆ ತೆಗೆದುಕೊಂಡು ಹೋಗಿ ಗಾಡಿಯಲ್ಲಿ ಕೂತು ಉಂಡೆ. ಪಕ್ಕದ ಸೀಟಿನಲ್ಲಿ, ನನ್ನ ಹಳೇ ಜಾಗದಲ್ಲಿ. ಅಡುಗೆಮನೆಯಲ್ಲಿ ಗೋಡೆ ನೋಡಿಕೊಂಡು ಉಣ್ಣುವುದಕ್ಕಿಂತ ವಾಸಿ. "ಮೆಲ್ಲಗೆ ರೀ" ಅಂತ ಒಂದು ಸಲ ಸುಮ್ಮನೆ ಹೇಳಿ ನೋಡಿದೆ. ಕೊಟ್ಟಿಗೆಯಲ್ಲಿ ಮಾತು ದೊಡ್ಡದಾಗಿ ಕೇಳುತ್ತದೆ. ಮತ್ತೆ ಹೇಳಲಿಲ್ಲ.

ಮೇಲಿನಿಂದ ಗಾಳಿ ಬೀಸಿದರೆ ಈಗ ವಾಸನೆ ಬರುತ್ತದೆ. ಮೊಗ್ಗು ಒಡೆಯುತ್ತಿದೆ. ಹುಳ ಪೆಟ್ಟಿಗೆಯ ಬಾಯಲ್ಲಿ ಗುಂಪುಕಟ್ಟಿ ಗುಡ್ಡದ ಕಡೆಗೇ ಮುಖ ಮಾಡಿಕೊಂಡಿರುತ್ತವೆ.

ಮಾರ್ಚ್ 20, ಗುರುವಾರ

ಎಣ್ಣೆಮೂತಿ ದಾರಿಯಲ್ಲಿ ಸಿಕ್ಕಿ, "ಅಜ್ಜಿ, ಒಂದು ಬೆಳಗ್ಗೆ ನಾನೇ ಬಂದು ಪೆಟ್ಟಿಗೆ ಏರಿಸಿಕೊಡ್ತೀನಿ ಬಿಡಿ" ಅಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

"ಒಂದು ಬೆಳಗ್ಗೆ ಏರಿಸ್ತೀಯ. ಆಮೇಲೆ ದಿನ ಬಿಟ್ಟು ದಿನ ಅವನ್ನ ನೋಡೋಕೆ ಯಾರು ಹೋಗ್ತಾರೆ, ನಿಮ್ಮ ತಾತನಾ? ಈ ಮಂಡಿ ಇಟ್ಕೊಂಡು ನಾನು ಆ ಗುಡ್ಡ ನಡೀಲಾ?"

ಪಾಪ, ಮುಖ ಸಪ್ಪಗಾಯಿತು. ನನ್ನ ನಾಲಿಗೆಗೆ ಒಂದು ಬ್ರೇಕ್ ಹಾಕಿಸಬೇಕು.

ಅವನ ಹಂಗು ಬೇಡ. ಸಂಜೆ ಒಂದೇ ಒಂದು ಪೆಟ್ಟಿಗೆಯ ಬಾಯಿಗೆ ಹುಲ್ಲು ತುರುಕಿ ಮುಚ್ಚಿದ್ದೇನೆ. ನಾಳೆ ಹುಳ ಏಳುವ ಮೊದಲೇ ಹೊರಡುತ್ತೇನೆ. ಒಂದು ಹತ್ತಿದರೆ ಉಳಿದವೂ ಹತ್ತುತ್ತವೆ.

ಮಾರ್ಚ್ 21, ಶುಕ್ರವಾರ

ಪೆಟ್ಟಿಗೆ ಹೋಯಿತು.

ಬಂಡೆ ತಿರುವಿನಲ್ಲಿ ಗಾಡಿ ನಿಂತು, ನಾನು ಬ್ರೇಕಿಗೆ ಕಾಲು ಚಾಚುವಷ್ಟರಲ್ಲಿ ಹಿಂದಕ್ಕೆ ಉರುಳಿ ದಿಣ್ಣೆಗೆ ಗುದ್ದಿತು. ಕಟ್ಟಿದ ಹಗ್ಗ ಬಿಚ್ಚಿ ಪೆಟ್ಟಿಗೆ ಕೆಳಗೆ ಬಿದ್ದು ಸೀಳಿತು. ಹುಳ ಹೊಗೆಯ ಹಾಗೆ ಎದ್ದವು. ಕೋಟಿದ್ದರೂ ಕುತ್ತಿಗೆಗೆ, ಕೈಗೆ ಕಚ್ಚಿದವು. ಕಚ್ಚಲಿ, ಅವುಗಳ ಮನೆ ಒಡೆದವಳು ನಾನೇ.

"ರೀ!" ಅಂತ ಕೂಗಿದೆ. ಬಾಯಿಗೆ ಬಂದದ್ದು ಅದೇ. ಯಾರು ಬರುತ್ತಾರೆ ಅಂತ ಕೂಗಿದೆನೋ. ಕಲ್ಲಿನ ಮೇಲೆ ಕೂತು ಕೋಟಿನ ತುದಿ ಹಿಂಡಿ ಹಿಂಡಿ ಬಿಸಿಲೇರುವವರೆಗೂ ಅಲ್ಲೇ ಇದ್ದೆ. ಹುಳಗಳೆಲ್ಲ ಒಡೆದ ಹಲಗೆಯ ಒಂದು ಮೂಲೆಯಲ್ಲಿ ರಾಣಿಯ ಸುತ್ತ ಮುತ್ತಿಕೊಂಡವು. ಅವುಗಳಿಗೆ ಎಲ್ಲಿ ಹೋಗಬೇಕೆಂದು ಗೊತ್ತು.

ಹೊತ್ತಾದ ಮೇಲೆ ಎಣ್ಣೆಮೂತಿ ಆ ದಾರಿಯಲ್ಲಿ ಬಂದು ಗಾಡಿ ತಿರುಗಿಸಿಕೊಟ್ಟ. ಹುಳ ಮುತ್ತಿದ ಹಲಗೆಯನ್ನು ಗೋಣಿ ಸುತ್ತಿ ತೊಟ್ಟಿಯಲ್ಲಿಟ್ಟುಕೊಂಡು ಬಂದೆ.

ಮಾರ್ಚ್ 22, ಶನಿವಾರ

ಕೈ ಬಾತಿದೆ. ಪೆನ್ನು ಹಿಡಿಯಲಾರೆ.

ಮಾರ್ಚ್ 25, ಮಂಗಳವಾರ

ಹೇಳಿಬಿಟ್ಟಿದ್ದಾನೆ. ಎಣ್ಣೆಮೂತಿ ಮಗಳಿಗೆ ಎಲ್ಲಾ ಹೇಳಿಬಿಟ್ಟಿದ್ದಾನೆ.

ಫೋನಿನಲ್ಲಿ ಮಗಳು ಕಿರುಚಲಿಲ್ಲ, ಅದೇ ನನಗೆ ಹೆದರಿಕೆ. ತಣ್ಣಗೆ ಮಾತಾಡಿದಳು. ನನ್ನ ಹೊಟ್ಟೆಯಲ್ಲೇ ಹುಟ್ಟಿದ್ದಲ್ಲವೇ, ಎಲ್ಲಿ ಚುಚ್ಚಬೇಕೋ ಗೊತ್ತು.

"ಅಮ್ಮ, ಗಾಡಿ ಉರುಳಿ ನೀನು ಕೆಳಗೆ ಬಿದ್ದಿದ್ರೆ? ಅಪ್ಪನಿಗೆ ನಾನು ಏನಂತ ಹೇಳ್ಬೇಕಿತ್ತು?"

"ಬಿದ್ದಿಲ್ಲವಲ್ಲ."

"ಭಾನುವಾರ ಬರ್ತೀವಿ. ಸೋಮವಾರ ತಗೊಳ್ಳೋರು ಬರ್ತಾರೆ. ಮುಗೀತು. ಅಪ್ಪನೂ ಬರ್ತಾರಂತೆ, ಹಟ ಮಾಡ್ತಿದ್ದಾರೆ."

"ಅವರಿಗೆ ಗಾಡಿ ವಿಷಯ ಹೇಳಿದ್ಯಾ?"

"ಹೇಳಿದೆ."

"ಏನಂದ್ರು?"

"ನಕ್ಕ ಹಾಗಾಯ್ತು. ಬಾಯಿ ಸೊಟ್ಟ ಅಲ್ವಾ, ಗೊತ್ತಾಗಲ್ಲ."

ಪೆಟ್ಟಿಗೆಗಳ ಹತ್ತಿರ ಹೋಗಿ ಒಂದೊಂದಕ್ಕೂ ಹೇಳಿಬಂದೆ. ಇವರಿಗೆ ಆ ಅಭ್ಯಾಸ, ಮನೆಯ ಸುದ್ದಿಯನ್ನೆಲ್ಲ ಹುಳಕ್ಕೆ ಹೇಳುವುದು. ನಾನು ನಗುತ್ತಿದ್ದೆ. ಹೇಳಿದ ಮೇಲೆ ಯಾವ ಪೆಟ್ಟಿಗೆಯೂ ಏನೂ ಅನ್ನಲಿಲ್ಲ. ಗುಂಯ್ ಅಂತಷ್ಟೇ.

ಮಾರ್ಚ್ 29, ಶನಿವಾರ

ಗಾಡಿ ತೊಳೆದೆ. ಮಾರುವುದಾದರೂ ಕೊಳಕಾಗಿ ಯಾಕೆ ಹೋಗಬೇಕು. ಸೀಟಿನ ತಗ್ಗನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದೆ. ಕೆಂಪು ಬೊಟ್ಟು ಹಾಗೇ ಇದೆ. ಮೇಲಿನ ಬಯಲು ಬೆಳ್ಳಗಾಗಿದೆ, ಇಲ್ಲಿಂದಲೇ ಕಾಣುತ್ತದೆ.

ಮಾರ್ಚ್ 30, ಭಾನುವಾರ

ಬರೆಯಲೇಬೇಕು ಇವತ್ತು.

ಮಗಳ ಕಾರಿನಿಂದ ಇವರು ಇಳಿಯುವುದನ್ನು ನೋಡಿದೆ. ಮೊದಲು ಕೋಲು ಇಳಿಯಿತು, ಆಮೇಲೆ ಬಲಗಾಲು, ಆಮೇಲೆ ಎಡಗಾಲನ್ನು ಕೈಯಲ್ಲಿ ಎತ್ತಿ ಇಳಿಸಿದರು, ಬೇರೆಯವರ ಸಾಮಾನು ಇಳಿಸಿದ ಹಾಗೆ. ಕೊಕ್ಕರೆ ಕಾಲಿನ ಗಂಡಸು. ನಾನು ಒಳಗೆ ಹೋಗಿ ಹಾಲು ಉಕ್ಕುತ್ತಿದೆಯಾ ಅಂತ ನೋಡಿದೆ. ಒಲೆಯನ್ನೇ ಹಚ್ಚಿರಲಿಲ್ಲ.

ಊಟವಾದ ಮೇಲೆ ಇವರು, "ಮೇಲೆ ಹೋಗೋಣ" ಅಂದರು.

ಮಗಳು, "ಅಪ್ಪ, ಹುಚ್ಚಾ ನಿಮಗೆ? ಆ ಗಾಡಿ ಹತ್ತಲ್ಲ!"

"ಹತ್ತದಿದ್ರೆ ಇಳಿಯುತ್ತೆ. ಹೂ ನೋಡ್ಬೇಕು ನಾನು."

ಎತ್ತಿ ಕೂರಿಸಿದೆವು. ಎಲ್ಲಿ? ಪಕ್ಕದ ಸೀಟಿನಲ್ಲಿ. ಕೂರಿಸುವಾಗ ನನಗೆ ಏನೂ ಅನ್ನಿಸಲಿಲ್ಲ, ಮಂಡಿ ನೋವಿನ ಕಡೆಗೇ ಗಮನ. ನಾನು ಬಿಳಿ ಕೋಟು ಹಾಕಿಕೊಂಡು, ಆ ಕಡೆ ಸುತ್ತಿ ಬಂದು ಹತ್ತಿ ಅಂಚಿಗೆ ಕೂತಾಗ, ಎಲ್ಲಾ ತಲೆಕೆಳಗಾದ ಹಾಗಾಯಿತು. ಇವರು ನನ್ನ ಎಡಗಡೆ ಇದ್ದಾರೆ!

ಸಪಾಟು ದಾಟಿತು. ಏರು ಬಂತು. ನಾನು ಹಿಂದಕ್ಕೆ ಜಾರಿದೆ. ಗಾಡಿ ಸೊರಗಿತು. "ನೋಡಿ, ನೋಡಿ, ನಿಮ್ಮೆದುರೇ ಹೇಗೆ ಮಾಡುತ್ತೆ ನೋಡಿ" ಅಂತ ದೂರು ಹೇಳಿದೆ. ಬಂಡೆ ತಿರುವಿನಲ್ಲಿ ನಿಂತಿತು. ಹ್ಯಾಂಡ್‌ಬ್ರೇಕ್ ಎಳೆದೆ.

ಇವರು ಇಂಜಿನ್ ಕಡೆ ಕಿವಿ ಕೊಡಲಿಲ್ಲ. ಕೋಲಿನ ತುದಿಯಿಂದ ನನ್ನ ಕೋಟಿನ ಅಂಚು ಎತ್ತಿ ಕೆಳಗೆ ನೋಡಿದರು. ನಾನೂ ನೋಡಿದೆ. ನನ್ನ ಕಾಲು ನೇರ ಕೋಲಿನ ಹಾಗೆ ಚಾಚಿಕೊಂಡಿತ್ತು, ಹೆಬ್ಬೆರಳ ತುದಿ ಮಾತ್ರ ಪೆಡಲ್ಲಿಗೆ ತಾಗಿತ್ತು. ತಾಗಿತ್ತು ಅಂದರೆ, ಮುತ್ತಿಟ್ಟ ಹಾಗೆ.

ಇವರು ನಕ್ಕರು. ಒಂದೇ ಕಡೆಯ ಬಾಯಲ್ಲಿ, ಆದರೆ ಹೊಟ್ಟೆಯಿಂದ. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು.

"ಇದಕ್ಕಾ ಬೆಲ್ಟು ಬದಲಾಯಿಸಿದ್ದು?"

"ನಗಬೇಡಿ, ಮೈ ಉರಿಯುತ್ತೆ. ಪೂರ್ತಿ ತುಳಿದಿದ್ದೆ ನಾನು."

"ನಿನ್ನ ಪೂರ್ತಿ ಕಣೇ ಅದು. ಗಾಡೀದಲ್ಲ. ಸಪಾಟಲ್ಲಿ ಅಂಚಿಗೆ ಕೂತು ತುಳೀತೀಯ, ಏರಲ್ಲಿ ಜಾರ್ತೀಯ, ಕಾಲು ಬಿಡುತ್ತೆ. ಸೀಟು ಮುಂದಕ್ಕೆ ಹಾಕ್ಕೋ."

"ಬೇಡ."

"ಯಾಕೆ?"

"ಆಮೇಲೆ ನಿಮ್ಮ ಕಾಲು ಹಿಡಿಸಲ್ಲ."

ನಗು ನಿಂತಿತು. ಇವರು ಎದುರಿನ ಬಂಡೆಯನ್ನು ನೋಡಿದರು. ಆಮೇಲೆ ತಾವು ಕೂತಿದ್ದ ಸೀಟನ್ನು ಬಲಗೈಯಲ್ಲಿ ತಟ್ಟಿದರು.

"ಇವಳೇ. ನಾನು ಇನ್ನು ಈ ಕಡೇನೇ ಕೂರೋದು."

ನಾನು ಕೋಟಿನ ಅಂಚನ್ನು ಮಂಡಿಯ ಮೇಲೆ ಎಳೆದುಕೊಂಡೆ.

ಬಲಗೈ ನನ್ನ ಸೀಟಿನ ಕೆಳಗೆ ಹೋಯಿತು, ನೋಡದೆಯೇ ಹಿಡಿಕೆ ಸಿಕ್ಕಿತು. ಎತ್ತಿ ಹಿಡಿದು, "ಹೂಂ, ಎಳಕೋ" ಅಂದರು. ಇಳಿಜಾರು ಹಿಂದಕ್ಕೆ ಎಳೆಯುತ್ತಿತ್ತು. ನಾನು ಸ್ಟೀರಿಂಗ್ ಹಿಡಿದು ಜಗ್ಗಿದೆ, ಇವರು ಹಿಡಿಕೆ ಬಿಡಲಿಲ್ಲ. ಸೀಟು ತುಕ್ಕಿನಲ್ಲಿ ಕೀರಿಟ್ಟುಕೊಂಡು ಒಂದೊಂದೇ ಹಲ್ಲು ದಾಟಿ ಮುಂದೆ ಬಂತು. ಟಕ್ ಅಂತ ಕೂತಿತು. ನಾನು ತಗ್ಗಿನಲ್ಲೇ ಕೂತಿದ್ದೆ. ಕಾಲು ಮಡಚಿಕೊಂಡೇ ಪೆಡಲ್ಲಿನ ಮೇಲಿತ್ತು.

ತುಳಿದೆ.

ಅಯ್ಯೋ, ಅದು ಹಾರಿದ ರಭಸವೇ! ಬಂಡೆ ಯಾವಾಗ ದಾಟಿತೋ ಗೊತ್ತಿಲ್ಲ. ಪಕ್ಕದಿಂದ ಇವರು ಕಂಬಿ ಹಿಡಿದುಕೊಂಡು, "ಮೆಲ್ಲಗೆ ಕಣೇ! ಮೆಲ್ಲಗೆ!" ಅಂತ ಕೂಗುತ್ತಿದ್ದರು.

ಬಯಲೆಲ್ಲ ಹೂವು. ಇವರನ್ನು ಇಳಿಸುವುದು ಆಗಲಿಲ್ಲ, ಗಾಡಿಯಲ್ಲೇ ಪಕ್ಕಪಕ್ಕ ಕೂತು ನೋಡಿದೆವು. "ಪೆಟ್ಟಿಗೆ ಬಾಯಿ ಬಿಸಿಲ ಕಡೆ ಇರ್ಲಿ" ಅಂದರು. "ಗೊತ್ತು ರೀ" ಅಂದೆ. "ಒಂದು ಒಡೆದ್ಯಂತೆ." "ಒಡೆದೆ." ಅಷ್ಟೇ.

ಕೆಳಗೆ ಬಂದಾಗ ಮಗಳು ಅಂಗಳದಲ್ಲಿ ಬಾಯಿ ತೆರೆದುಕೊಂಡು ನಿಂತಿದ್ದಳು. "ಸೋಮವಾರ ಬರೋರಿಗೆ ಏನಂತ ಹೇಳಲಿ?" ಅಂತ ಅಪ್ಪನನ್ನು ಕೇಳಿದಳು.

"ನನ್ನ ಕೇಳಬೇಡ. ಓಡಿಸೋಳನ್ನ ಕೇಳು."

"ಬರಬೇಡಿ ಅಂತ ಹೇಳು" ಅಂದೆ.

ಕತ್ತಲಾಗುವ ಮೊದಲೇ ಹೊರಟರು. ಇವರು ಕಾರು ಹತ್ತುವಾಗ ಹಿಂತಿರುಗಿ ನೋಡಲಿಲ್ಲ. ಕಾಲು ಎತ್ತಿ ಒಳಗಿಡುವ ಕೆಲಸ ಇತ್ತಲ್ಲ.

ಏಪ್ರಿಲ್ 2, ಬುಧವಾರ

ಸೋಮವಾರ, ಮಂಗಳವಾರ, ಇವತ್ತು, ಮೂರು ಬೆಳಗ್ಗೆಯೂ ಪೆಟ್ಟಿಗೆ ಸಾಗಿಸಿದೆ. ಎಲ್ಲಾ ಮೇಲಿವೆ. ಒಡೆದ ಪೆಟ್ಟಿಗೆಯ ಹುಳವನ್ನೂ ಹೊಸ ಪೆಟ್ಟಿಗೆಗೆ ಕೂರಿಸಿದ್ದೇನೆ, ರಾಣಿ ಗಟ್ಟಿಗಿತ್ತಿ. ಕೋಟಿನ ಅಂಚು ಮಡಚಿ ಹೊಲಿದೆ, ಕಾಲಿಗೆ ಸಿಕ್ಕುತ್ತಿತ್ತು. ಎಣ್ಣೆಮೂತಿಗೆ ಸೀಟಿನ ವಿಷಯ ಹೇಳಲಿಲ್ಲ. ಬೆಲ್ಟು ಹಾಕಿದ್ದಕ್ಕೇ ಸರಿಯಾಯಿತು ಅಂತ ಹಿಗ್ಗುತ್ತಿದ್ದಾನೆ, ಹಿಗ್ಗಲಿ.

ತೊಟ್ಟಿಯಲ್ಲಿ ಹಿಡಿಸುವಷ್ಟೇ ಪೆಟ್ಟಿಗೆ ಹೇರಿದೆ. ಪಕ್ಕದ ಸೀಟಿನಲ್ಲೂ ಒಂದು ಇಡಬಹುದಿತ್ತು, ಇಡಲಿಲ್ಲ. ಇನ್ನೊಂದು ಸಲ ಹೋಗಿ ಬಂದರಾಯಿತು.

ಸಂಜೆ ಫೋನು. "ಗಾಡಿ ಹೇಗಿದೆ?"

"ನನ್ನ ಗಾಡಿಗೇನು ಧಾಡಿ?" ಅಂದೆ.

ಆ ಕಡೆಯಿಂದ, "ಊಟ ಮಾಡಿದ್ಯಾ?" ಅಂತ ಕೇಳಿದರು.

ಫೋನಿಟ್ಟು ಕೊಟ್ಟಿಗೆಗೆ ಹೋದೆ. ಪಕ್ಕದ ಸೀಟನ್ನು ಕೊನೆಯವರೆಗೂ ಹಿಂದಕ್ಕೆ ತಳ್ಳಿ, ಕೊಕ್ಕರೆ ಕಾಲು ಹಿಡಿಸುತ್ತದಾ ಅಂತ ಕೈಚಾಚಿ ಅಳೆದೆ. ಹಿಡಿಸುತ್ತದೆ. ಅಲ್ಲಿಗೆ ಕೆಂಪು ಬೊಟ್ಟು ಇಟ್ಟಿದ್ದೇನೆ. ಇನ್ನೂ ಒಣಗಿಲ್ಲ.